ಹಳೆಯ ಚಿನ್ನದ ಗುಂಡಿಗೆ ಗುರುತಿನ ಕಲ್ಲು: ಏನು ನೋಡಬೇಕು, ಎಲ್ಲಿ ನೆಡಬೇಕು, ಏನು ಬರೆಸಬೇಕು

ಪ್ರಶ್ನೆ: ನಮ್ಮೂರು ಯಾದಗಿರಿ ಜಿಲ್ಲೆ ಹುಣಸಗಿ ತಾಲೂಕಿನಾಗ ಅದ. ಊರ ಹೊರಗಿನ ಗುಡ್ಡದ ಮ್ಯಾಲ ಸಾಲಾಗಿ ಹತ್ತಾರು ಹಳೇ ಗುಂಡಿ ಅವ. ಹಳ್ಳದ ದಂಡೀಗೆ ಒಂದು ಬಂಡೆ ಮ್ಯಾಲ ಬಟ್ಟಲಿನಂಥ ಕುಳಿ ಅವ. ‘ಹಿಂದಿನ ಕಾಲದಾಗ ಇಲ್ಲಿ ಬಂಗಾರ ತೆಗೀತಿದ್ರು’ ಅಂತ ಹಿರಿಯರು ಹೇಳ್ತಾರ. ಯುವಕ ಸಂಘದಿಂದ ಅಲ್ಲೊಂದು ಕಲ್ಲು ನಿಲ್ಲಿಸಬೇಕು ಅಂತ ಮಾಡೀವಿ. ‘ಅಶೋಕನ ಕಾಲದ ಚಿನ್ನದ ಗಣಿ, ದೇಶದಲ್ಲೇ ಮೊದಲನೆಯದು’ ಅಂತ ಬರೆಸೋಣ ಅನ್ನೋದು ಕೆಲವರ ಮಾತು. ಇದು ಖರೇ ಇರಬಹುದಾ? ಕಲ್ಲು ಎಲ್ಲಿ, ಹ್ಯಾಂಗ ನಿಲ್ಲಿಸಬೇಕು?

ಉತ್ತರ: ಹಿರಿಯರ ಮಾತು ನಿಜವಿರಬಹುದು, ಅದಕ್ಕೆ ನಿಮ್ಮ ಸೀಮೆಯ ನೆಲದಲ್ಲೇ ಕಾರಣವಿದೆ. ಆದರೆ ‘ಅಶೋಕನ ಕಾಲ’ ಮತ್ತು ‘ಮೊದಲನೆಯದು’ ಎಂಬ ಎರಡನ್ನೂ ಕಲ್ಲಿನ ಮೇಲೆ ಬರೆಸಬೇಡಿ. ಕಲ್ಲನ್ನು ಗುಂಡಿಯ ಪಕ್ಕದಲ್ಲಿ ನಿಲ್ಲಿಸಲೂ ಬೇಡಿ. ಕಾರಣ ಒಂದೊಂದಾಗಿ ಹೇಳುತ್ತೇವೆ.

ಕೃಷ್ಣೆಯ ಆಚೆ ರಾಯಚೂರು ಜಿಲ್ಲೆಯಲ್ಲಿ ಹಟ್ಟಿ–ಮಸ್ಕಿ ಶಿಸ್ಟ್ ಪಟ್ಟಿ ಇದೆ (ಶಿಸ್ಟ್ ಎಂದರೆ ಪದರುಪದರಾಗಿ ಸೀಳುವ ಕಲ್ಲು). ಈಚೆ ಸುರಪುರ ಸೀಮೆಯಲ್ಲಿ ಅದಕ್ಕಿಂತ ಚಿಕ್ಕದಾದ ಮಂಗಳೂರು ಶಿಸ್ಟ್ ಪಟ್ಟಿ ಇದೆ (ಇದು ಇಲ್ಲಿನ ಹಳ್ಳಿ ಮಂಗಳೂರು, ಕರಾವಳಿಯದಲ್ಲ). ಎರಡೂ 250 ಕೋಟಿ ವರ್ಷಕ್ಕಿಂತ ಹಳೆಯ ಧಾರವಾಡ ಶಿಲೆಗಳು. ಹಸಿರುಗಪ್ಪು ಬಣ್ಣದ ಈ ಕಲ್ಲನ್ನು ಸೀಳಿಕೊಂಡು ಬೆಣಚುಕಲ್ಲಿನ ಬಿಳಿ ಎಳೆಗಳು ಹೋಗಿರುತ್ತವೆ, ಚಿನ್ನ ಇರುವುದು ಆ ಎಳೆಗಳಲ್ಲಿ ಮತ್ತು ಅವುಗಳ ಅಂಚಿನಲ್ಲಿ. ನಮ್ಮ ಕಲಬುರಗಿ, ಯಾದಗಿರಿ, ಬೀದರ್ ಜಿಲ್ಲೆಗಳ ಉಳಿದ ನೆಲ ಹೀಗಿಲ್ಲ. ಸೇಡಂ, ಚಿತ್ತಾಪುರ, ಶಹಾಬಾದ್ ಕಡೆ ಸುಣ್ಣಕಲ್ಲು. ಬೀದರಿನಲ್ಲಿ ಕಪ್ಪು ಬಸಾಲ್ಟಿನ ಮೇಲೆ ಕೆಂಪು ಜಂಬಿಟ್ಟಿಗೆ. ಅಲ್ಲಿ ಯಾರಾದರೂ ‘ಹಳೇ ಚಿನ್ನದ ಗಣಿ’ ಎಂದು ಗುಂಡಿ ತೋರಿಸಿದರೆ ಬೇರೆ ಉತ್ತರ ಹುಡುಕಬೇಕಾಗುತ್ತದೆ. ಬೀದರ್ ಪಕ್ಕದ ನೌಬಾದಿನಲ್ಲಿ ಒಂದೇ ಸಾಲಿನಲ್ಲಿ ಕಾಣುವ ಆಳವಾದ ಬಾಯಿಗಳು ಕರೇಜ್‌ ಎಂಬ ನೀರಿನ ಸುರಂಗದ ಗಾಳಿಕಿಂಡಿಗಳು, ಗಣಿಯಲ್ಲ.

ಹುಣಸಗಿ ಕಣಿವೆಯಲ್ಲೂ ಎಲ್ಲ ಕಡೆ ಒಂದೇ ಕಲ್ಲಿಲ್ಲ. ಸುಣ್ಣಕಲ್ಲು, ಗ್ರಾನೈಟು, ಶಿಸ್ಟು ಹತ್ತಿರ ಹತ್ತಿರವೇ ಸಿಗುತ್ತವೆ. ಹಾಗಾಗಿ ನಿಮ್ಮ ಮೊದಲ ಕೆಲಸ ಗುಂಡಿ ಯಾವ ಕಲ್ಲಿನಲ್ಲಿದೆ ಎಂದು ನೋಡುವುದು. ಜನವರಿಯಿಂದ ಮಾರ್ಚ್ ಒಳಗೆ, ಹುಲ್ಲು ಒಣಗಿದ ಮೇಲೆ, ಬೆಳಗಿನ ಎಳೆಬಿಸಿಲಿನಲ್ಲಿ ಹೋಗಿ. ನೆರಳು ಉದ್ದವಾಗಿ ಬೀಳುವಾಗ ಮುಚ್ಚಿಹೋದ ಗುಂಡಿಯ ಅಂಚೂ ಕಾಣುತ್ತದೆ. ಗುಂಡಿಗಳು ದುಂಡಗೆ ಚದುರಿದಂತೆ ಇವೆಯೋ, ಒಂದು ಗೆರೆ ಹಿಡಿದು ಉದ್ದುದ್ದ ಇವೆಯೋ ಗಮನಿಸಿ. ಚಿನ್ನಕ್ಕಾಗಿ ತೋಡಿದವರು ಬೆಣಚಿನ ಎಳೆಯನ್ನೇ ಬೆನ್ನಟ್ಟಿ ಹೋಗುತ್ತಿದ್ದರು. ಎಳೆ ಎಷ್ಟು ಅಗಲವೋ ಗುಂಡಿಯೂ ಹೆಚ್ಚೂಕಡಿಮೆ ಅಷ್ಟೇ ಅಗಲ, ಕೆಲವು ಕಡೆ ಒಬ್ಬ ಮನುಷ್ಯ ಓರೆಯಾಗಿ ನುಸುಳುವಷ್ಟು. ಪಕ್ಕದಲ್ಲಿ ಮುಷ್ಟಿ ಗಾತ್ರಕ್ಕಿಂತ ಸಣ್ಣದಾಗಿ ಒಡೆದ ಬಿಳಿಕಲ್ಲಿನ ದಿಬ್ಬ ಇರುತ್ತದೆ. ಈ ಎರಡು ಲಕ್ಷಣ ಇಲ್ಲದಿದ್ದರೆ ಅನುಮಾನ ಪಡಿ.

ಗುಂಡಿಯ ಗೋಡೆ ಕಾಲವನ್ನೂ ಸ್ವಲ್ಪ ಹೇಳುತ್ತದೆ. ಸಿಡಿಮದ್ದು ಬರುವ ಮೊದಲು ಗಟ್ಟಿ ಕಲ್ಲನ್ನು ಬೆಂಕಿಯಿಂದ ಒಡೆಯುತ್ತಿದ್ದರು: ಕಲ್ಲಿಗೆ ಒತ್ತಿ ಸೌದೆ ಒಟ್ಟಿ ಸುಟ್ಟು, ಕಾದ ಮೇಲೆ ನೀರು ಹೊಯ್ದು, ಬಿರಿದ ಪದರನ್ನು ಕಲ್ಲಿನ ಸುತ್ತಿಗೆಯಿಂದ, ಕಬ್ಬಿಣದ ಉಳಿಯಿಂದ ಕೀಳುವುದು. ಹಾಗೆ ತೆಗೆದ ಗೋಡೆ ಒಳಕ್ಕೆ ಬಾಗಿ ನುಣುಪಾಗಿರುತ್ತದೆ. ತಳದ ಮಣ್ಣಿನಲ್ಲಿ ಇದ್ದಿಲು ಉಳಿದಿರುತ್ತದೆ. ಅದರ ಬದಲು ಗೋಡೆಯ ಮೇಲೆ ಹೆಬ್ಬೆರಳಿನಷ್ಟು ದಪ್ಪದ, ನೆಟ್ಟಗಿನ ಅರ್ಧ ಕೊಳವೆಯಂಥ ಗೆರೆಗಳು ಕಂಡರೆ ಅದು ರಂಧ್ರ ಕೊರೆದು ಮದ್ದು ತುಂಬಿ ಸಿಡಿಸಿದ ಗುರುತು. ಚೌಕಾಕಾರದ ಬಾಯಿ, ಇಟ್ಟಿಗೆ ಗಾರೆಯ ಕಟ್ಟೆ, ಕಬ್ಬಿಣದ ಮೊಳೆ ಇದ್ದರೂ ಅಷ್ಟೆ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ನಿಜಾಮನ ಸೀಮೆಯಲ್ಲಿ ಚಿನ್ನ ಹುಡುಕಲು ಇಂಗ್ಲೆಂಡಿನ ಬಂಡವಾಳದ ಕಂಪನಿಗಳು ಇಳಿದಿದ್ದವು. ಅವು ಬಹುಪಾಲು ಹಳಬರ ಗುಂಡಿಗಳನ್ನೇ ಹುಡುಕಿ ಅಲ್ಲಿಂದ ಕೆಳಗೆ ತೋಡಿದವು. ಒಂದೇ ಗುಂಡಿಯ ಮೇಲ್ಭಾಗ ನುಣುಪಾಗಿ, ಕೆಳಭಾಗ ಮದ್ದಿನ ಗುರುತಿನೊಂದಿಗೆ ಕಂಡರೆ ಎರಡೂ ಕಾಲ ಅಲ್ಲಿವೆ ಎಂದು ಅರ್ಥ.

ಹಳ್ಳದ ದಂಡೆಯ ಕುಳಿಬಂಡೆ ನಮ್ಮ ದೃಷ್ಟಿಯಲ್ಲಿ ಗುಂಡಿಗಿಂತ ಹೆಚ್ಚು ಬೆಲೆಯ ಸಾಕ್ಷಿ. ಗುಂಡಿಯನ್ನು ಯಾರು ಯಾವುದಕ್ಕೆ ಬೇಕಾದರೂ ತೋಡಿರಬಹುದು, ಆದರೆ ಕುಟ್ಟಿ, ಅರೆದು, ತೊಳೆಯುವ ಮೂರು ಕೆಲಸದ ಗುರುತೂ ಒಂದೇ ಕಡೆ ಸಿಕ್ಕರೆ ಬೇರೆ ಅರ್ಥ ಮಾಡುವುದು ಕಷ್ಟ. ಗುಡ್ಡದಿಂದ ತಂದ ಬಿಳಿಕಲ್ಲನ್ನು ಕುಳಿಯಲ್ಲಿ ಹಾಕಿ ಕುಟ್ಟುತ್ತಿದ್ದರು. ನುಚ್ಚಾದದ್ದನ್ನು ಚಪ್ಪಟೆ ಬಂಡೆಯ ಮೇಲೆ ಭಾರದ ಗುಂಡುಕಲ್ಲು ಉರುಳಿಸಿ ಹಿಟ್ಟು ಮಾಡುತ್ತಿದ್ದರು. ಆ ಹಿಟ್ಟನ್ನು ಮರದ ತಟ್ಟೆಯಲ್ಲಿ ನೀರು ಹಾಕಿ ಆಡಿಸಿದರೆ ಹಗುರವಾದದ್ದು ಹರಿದುಹೋಗಿ ಚಿನ್ನ ತಳದಲ್ಲಿ ಕೂರುತ್ತದೆ. ನೀರಿಗೆ ಹೋಲಿಸಿದರೆ ಬೆಣಚುಕಲ್ಲು 2.65 ಪಟ್ಟು ಭಾರ, ಚಿನ್ನ 19.3 ಪಟ್ಟು. ಕೆಲಸ ನಡೆಯುತ್ತಿದ್ದುದು ಈ ವ್ಯತ್ಯಾಸದ ಮೇಲೆ, ಅದಕ್ಕೇ ಕುಳಿಬಂಡೆ ನೀರಿನ ಹತ್ತಿರ ಇರುತ್ತದೆ. ಕುಳಿ ಅಡುಗೆಯ ಒರಳೋ ಅದಿರಿನ ಒರಳೋ ಎಂದು ತಿಳಿಯಲು ಬೆರಳಿಟ್ಟು ನೋಡಿ. ಕಾಳು ಕುಟ್ಟಿದ ಕುಳಿ ಎಣ್ಣೆ ಸವರಿದಂತೆ ನುಣುಪು. ಅದಿರು ಕುಟ್ಟಿದ ಕುಳಿಯ ತಳದಲ್ಲಿ ಚುಕ್ಕಿಚುಕ್ಕಿ ಏಟು ಉಳಿದಿರುತ್ತದೆ, ಒಂದೇ ಬಂಡೆಯ ಮೇಲೆ ಹತ್ತಿರ ಹತ್ತಿರ ಹಲವು ಇರುತ್ತವೆ, ಸುತ್ತಲಿನ ಮಣ್ಣಿನಲ್ಲಿ ಬಿಳಿಕಲ್ಲಿನ ನುಚ್ಚು ಕೈಗೆ ಹತ್ತುತ್ತದೆ.

ಗಣಿಯೆಂದು ತಪ್ಪು ತಿಳಿಯುವ ಗುರುತುಗಳು ನಿಮ್ಮ ಭಾಗದಲ್ಲಿ ಬಹಳ ಇವೆ. ಹಾಳೂರಿನ ದಿಬ್ಬದಲ್ಲಿ ಬಾಯಿ ಸಣ್ಣ, ಹೊಟ್ಟೆ ದೊಡ್ಡದಾದ ದುಂಡು ಗುಂಡಿ ಇದ್ದರೆ ಅದು ಜೋಳ ತುಂಬುವ ಹಗೇವು. ಬೂದಿಹಾಳ, ಕೊಡೇಕಲ್‌ಗಳಲ್ಲಿರುವ ಬೂದಿ ದಿಬ್ಬಗಳು ಕುಲುಮೆಯ ಬೂದಿಯಲ್ಲ. ನವಶಿಲಾಯುಗದ ದನಗಾಹಿಗಳು ದೊಡ್ಡಿಯ ಸಗಣಿ ಒಟ್ಟಿ ಸುಟ್ಟದ್ದು. ಕೈಗೆತ್ತಿಕೊಂಡರೆ ಭಾರವಾಗಿ, ಮೇಲೆ ಕರಗಿ ಹರಿದಂತೆ ಕಾಣುವ ಕಪ್ಪು ಕಿಟ್ಟ ಕಬ್ಬಿಣ ಕರಗಿಸಿದ್ದು. ರಾಜನಕೋಳೂರಿನ ಬಂಡೆಮನೆಗಳು ಬೃಹತ್ ಶಿಲಾಯುಗದ ಗೋರಿಗಳು, ಸುರಪುರದಲ್ಲಿ ಬ್ರಿಟಿಷರ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ ಅವನ್ನು ಆಗಲೇ ದಾಖಲಿಸಿದ್ದ. ಶಹಾಪುರ ತಾಲೂಕಿನ ಗೋಗಿ ಕಡೆ ಕೊರೆದ ರಂಧ್ರಗಳು ಯುರೇನಿಯಂ ಶೋಧನೆಯವು. ಇನ್ನು ಕಲ್ಲಿನಲ್ಲಿ ಹೊಳೆಯುವ ಹಳದಿ ಕಂಡು ಸಂಭ್ರಮಿಸುವ ಮುನ್ನ ಚಾಕುವಿನ ತುದಿ ಒತ್ತಿ: ಚಿನ್ನವಾದರೆ ತಗ್ಗು ಬೀಳುತ್ತದೆ, ಪೈರೈಟ್ (ಚಿನ್ನದಂತೆ ಹೊಳೆಯುವ ಕಬ್ಬಿಣದ ಖನಿಜ) ಆದರೆ ಗೀರೂ ಬೀಳುವುದಿಲ್ಲ, ಅಭ್ರಕವಾದರೆ ಪದರಾಗಿ ಏಳುತ್ತದೆ. ಒಂದು ಮಾತು, ಇದನ್ನು ದಾರಿಯಲ್ಲಿ ಬಿದ್ದ ಬಿಡಿ ಕಲ್ಲಿನ ಮೇಲೆ ಮಾಡಿ. ಕುಳಿಬಂಡೆಯ ಮೇಲೆ ಚಾಕು ಆಡಿಸಬೇಡಿ.

ಈಗ ಅಶೋಕನ ವಿಷಯ. ಈ ಆಸೆ ಎಲ್ಲಿಂದ ಬಂತೆಂದು ಅರ್ಥವಾಗುತ್ತದೆ. 1915ರಲ್ಲಿ ಸಿ. ಬೀಡನ್ ಎಂಬ ಗಣಿ ಎಂಜಿನಿಯರ್ ನಿಜಾಮನ ಸರ್ಕಾರಕ್ಕಾಗಿ ಚಿನ್ನ ಹುಡುಕುತ್ತ ಮಸ್ಕಿಯ ಗುಡ್ಡದಲ್ಲಿ ಅಶೋಕನ ಶಾಸನ ಕಂಡ. ಅಲ್ಲಿಯವರೆಗೆ ಸಿಕ್ಕಿದ್ದ ಶಾಸನಗಳಲ್ಲಿ ರಾಜನ ಹೆಸರು ‘ದೇವಾನಾಂಪಿಯ ಪಿಯದಸಿ’ ಎಂದಷ್ಟೇ ಇತ್ತು. ಮಸ್ಕಿಯದರಲ್ಲಿ ‘ಅಸೋಕ’ ಎಂದೇ ಇದ್ದು, ಆ ಪಿಯದಸಿ ಅಶೋಕನೇ ಎಂಬುದು ಶಾಸನದಿಂದಲೇ ಖಚಿತವಾಯಿತು. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲೂ ಅಶೋಕನ ಶಾಸನದ ಚಪ್ಪಡಿ ಸಿಕ್ಕಿದೆ, ಪಕ್ಕದ ಕನಗನಹಳ್ಳಿಯ ಸ್ತೂಪದಲ್ಲಿ ಹೆಸರು ಸಮೇತ ಅವನ ಶಿಲ್ಪವೇ ಇದೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿರುವ ಅಶೋಕನ ಶಾಸನ ಸುವರ್ಣಗಿರಿಯಲ್ಲಿದ್ದ ರಾಜಕುಮಾರನ ಕಡೆಯಿಂದ ಬಂದದ್ದು. ಆ ಸುವರ್ಣಗಿರಿ ಕನಕಗಿರಿಯೋ, ಮಸ್ಕಿಯೋ, ಆಂಧ್ರದ ಜೊನ್ನಗಿರಿಯೋ ಎಂದು ವಿದ್ವಾಂಸರಲ್ಲಿ ಇಂದಿಗೂ ಒಮ್ಮತವಿಲ್ಲ. ಮೌರ್ಯರು ಈ ಸೀಮೆಗೆ ಕೈಚಾಚಿದ್ದಕ್ಕೆ ಚಿನ್ನವೂ ಕಾರಣ ಎಂಬ ವಾದಕ್ಕೆ ಬಲವಿದೆ. ಆದರೆ ಅದು ಇಡೀ ಸೀಮೆಯ ಮಾತು, ನಿಮ್ಮ ಗುಡ್ಡದ ಆ ಗುಂಡಿಯ ಕಾಲವನ್ನು ಅದು ಹೇಳುವುದಿಲ್ಲ.

ಕಾಲ ಹೇಳಬೇಕಾದರೆ ಹಟ್ಟಿಯಲ್ಲಿ ಮಾಡಿದಂತೆ ಮಾಡಬೇಕು. ಅಲ್ಲಿ ಹಳಬರ ಗಣಿ 600 ಅಡಿಗಿಂತ ಆಳಕ್ಕೆ ಹೋಗಿದೆ. ಒಳಗೆ ಸಿಕ್ಕ ಮರದ ತುಂಡುಗಳ ಕಾರ್ಬನ್ ಪರೀಕ್ಷೆಯಿಂದ ಸುಮಾರು 2,000 ವರ್ಷದ ಲೆಕ್ಕ ಬಂದಿದೆ. ಅಂದರೆ ಅಷ್ಟು ಚೆನ್ನಾಗಿ ಪರೀಕ್ಷೆಯಾದ ಹಟ್ಟಿಯ ಮರಕ್ಕೂ ಅಶೋಕನಿಗೂ ನಡುವೆ ಇನ್ನೂರು ಮುನ್ನೂರು ವರ್ಷದ ಅಂತರವಿದೆ. ನಿಮ್ಮ ಗುಂಡಿಯ ಇದ್ದಿಲು ಪರೀಕ್ಷೆಯಾಗುವವರೆಗೆ ‘ಹಿಂದಿನವರು’ ಎಂಬ ಪದವೇ ಸರಿಯಾದ ಪದ. ಆ ಇದ್ದಿಲನ್ನು ನೀವು ಅಗೆದು ತೆಗೆಯಬಾರದು. ಯಾವ ಪದರದಿಂದ ಬಂತೆಂಬ ದಾಖಲೆ ಇಲ್ಲದ ಇದ್ದಿಲು ಪರೀಕ್ಷೆಗೆ ನಿಷ್ಪ್ರಯೋಜಕ.

‘ಮೊದಲನೆಯದು’ ಎಂಬ ಪದ ಇನ್ನೂ ಅಪಾಯದ್ದು. ಆಸ್ಟ್ರೇಲಿಯಾದಲ್ಲಿ 1851ರ ಚಿನ್ನದ ಶೋಧಕ್ಕಾಗಿ ಎಡ್ವರ್ಡ್ ಹಾರ್ಗ್ರೇವ್ಸ್‌ಗೆ ದೊಡ್ಡ ಬಹುಮಾನ ಕೊಟ್ಟರು. ನಾಲ್ಕು ದಶಕದ ನಂತರ ಅಲ್ಲಿನ ಶಾಸನಸಭೆಯ ಸಮಿತಿ ವಿಚಾರಣೆ ಮಾಡಿ, ತೆಗೆಯಲು ಲಾಭವಾಗುವಷ್ಟು ಚಿನ್ನ ಮೊದಲು ಕಂಡವರು ಅವನ ಜೊತೆಗಾರರಾದ ಜಾನ್ ಲಿಸ್ಟರ್ ಮತ್ತು ಟಾಮ್ ಸಹೋದರರು ಎಂದಿತು. ನಮ್ಮ ಕೋಲಾರದಲ್ಲೂ 1802ರಲ್ಲಿ ಲೆಫ್ಟಿನೆಂಟ್ ಜಾನ್ ವಾರನ್ ಬರುವ ಮುಂಚೆಯೇ ಹಳ್ಳಿಯವರು ಮಣ್ಣು ತೊಳೆದು ಚಿನ್ನ ತೆಗೆಯುತ್ತಿದ್ದರು, ಅವನಿಗೆ ತೋರಿಸಿಕೊಟ್ಟವರೂ ಅವರೇ. ಚಿನ್ನದ ಚರಿತ್ರೆಯಲ್ಲಿ ಮೊದಲಿಗರೆಂದು ಹೆಸರು ಬರೆಸಿಕೊಂಡವರಿಗಿಂತ ಮುಂಚೆ ಬಹುಪಾಲು ಕಡೆ ಹೆಸರಿಲ್ಲದ ಕೂಲಿಗಳು ಇದ್ದಾರೆ. ನಿಮ್ಮ ಕಲ್ಲು ಅವರ ದುಡಿಮೆಯನ್ನು ಗುರುತಿಸಿದರೆ ಅದೇ ದೊಡ್ಡ ಗೌರವ.

ಗುಂಡಿಯ ಪಕ್ಕ ಕಲ್ಲು ಬೇಡ ಎಂದದ್ದಕ್ಕೆ ಮುಖ್ಯ ಕಾರಣ ನಿಧಿಯ ಹುಚ್ಚು. ‘ಚಿನ್ನ’ ಎಂದು ಕೆತ್ತಿದ ಕಲ್ಲು ನಿಂತ ಜಾಗದಲ್ಲಿ ಅಮಾವಾಸ್ಯೆಯ ರಾತ್ರಿ ಹಾರೆ, ಗುದ್ದಲಿ ಬರಲು ಹೆಚ್ಚು ದಿನ ಬೇಕಿಲ್ಲ. ಆದ್ದರಿಂದ ಅಲ್ಲಿ ಹೂತಿಟ್ಟದ್ದೇನೂ ಇಲ್ಲ ಎಂಬುದು ಓದುವವರಿಗೆ ಲೆಕ್ಕದಲ್ಲೇ ತಿಳಿಯಬೇಕು. ಟನ್ನಿಗೆ 3 ಗ್ರಾಂ ಚಿನ್ನ ಇದ್ದರೆ ಅದು ಇಂದಿನ ಯಂತ್ರದ ಗಣಿಗೆ ನಡೆಸಬಹುದಾದ ಅದಿರು. ಒಂದು ಟನ್ ಬೆಣಚುಕಲ್ಲು ಎಂದರೆ ಎಲ್ಲ ಬದಿಗೂ ಸುಮಾರು ಎರಡೂಕಾಲು, ಎರಡೂವರೆ ಅಡಿಯ ಗಟ್ಟಿ ಬಂಡೆ. ಅದರೊಳಗಿನ 3 ಗ್ರಾಂ ಚಿನ್ನವನ್ನು ಒಟ್ಟುಗೂಡಿಸಿದರೆ ಎರಡು ತೊಗರಿ ಕಾಳಿನಷ್ಟು ಗಾತ್ರ. ಅದೂ ಕಣ್ಣಿಗೆ ಕಾಣದ ಹುಡಿಯಾಗಿ ಇಡೀ ಬಂಡೆಯಲ್ಲಿ ಹರಡಿರುತ್ತದೆ. ಹಳಬರು ಇದಕ್ಕಿಂತ ಸಮೃದ್ಧವಾದ ಮೇಲ್ಭಾಗವನ್ನು ಆರಿಸಿ ತೆಗೆದಿದ್ದಾರೆ, ಬಿಟ್ಟುಹೋದದ್ದು ಬಡ ಕಲ್ಲು. ಊರಿನ ಹುಡುಗರಿಗೆ ಈ ಲೆಕ್ಕವನ್ನು ಮೊದಲೇ ತಿಳಿಸಿ.

ಇನ್ನೊಂದು ಕಾರಣ ಜೀವದ್ದು. ಹಳೆಯ ಗುಂಡಿಯ ಅಂಚು ಒಳಗೆ ಟೊಳ್ಳಾಗಿರುತ್ತದೆ, ಹತ್ತು ಜನ ನಿಂತು ಫೋಟೊ ತೆಗೆಸಿಕೊಂಡರೆ ಕುಸಿಯಬಹುದು. ಆಳದಲ್ಲಿ ಉಸಿರಿಗೆ ಬೇಕಾದ ಗಾಳಿ ಇಲ್ಲದೆ ಇರಬಹುದು. ಒಬ್ಬ ಬಿದ್ದರೆ ಅವನನ್ನು ಎತ್ತಲು ಇಳಿದವನೂ ಹೋಗುವುದು ಹಾಳು ಬಾವಿಗಳಲ್ಲಿ ನಡೆಯುವ ದುರಂತ. ಯಾರೂ ಇಳಿಯುವುದು ಬೇಡ. ಆಳ ಬೇಕಾದರೆ ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ಅಳೆಯಿರಿ. ಕ್ಯಾಲಿಫೋರ್ನಿಯಾದ ಕೊಲೋಮಾದಲ್ಲಿ 1848ರ ಜನವರಿ 24ರಂದು ಜೇಮ್ಸ್ ಮಾರ್ಷಲ್ ಚಿನ್ನ ಕಂಡದ್ದು ನದಿಯ ದಂಡೆಯಲ್ಲಿ. 1890ರಲ್ಲಿ ಅವನ ಸ್ಮಾರಕ ನಿಲ್ಲಿಸಿದ್ದು ಮೇಲಿನ ಗುಡ್ಡದ ಮೇಲೆ, ಪ್ರತಿಮೆಯ ಕೈ ಕೆಳಗಿನ ಜಾಗದ ಕಡೆ ತೋರುತ್ತದೆ. ನೀವೂ ಊರಿನಿಂದ ಹಳ್ಳಕ್ಕೆ ಹೋಗುವ ದಾರಿಯಲ್ಲಿ, ಕುಳಿಬಂಡೆ ಕಣ್ಣಿಗೆ ಬೀಳುವ, ಅದರಿಂದ ಕನಿಷ್ಠ 30 ಮೀಟರ್ ದೂರದ ಜಾಗ ಆರಿಸಿ. ಗುಂಡಿಗಳ ಸಾಲು ಎಲ್ಲಿದೆ ಎಂದು ಕಲ್ಲಿನ ಮೇಲೆ ಹೇಳುವ ಅಗತ್ಯವಿಲ್ಲ.

ಅಗೆಯುವ ಮುನ್ನ ಕಾಗದದ ಕೆಲಸ. ಸರ್ವೆ ನಂಬರಿನ ಪಹಣಿ ತೆಗೆಸಿ, ಜಾಗ ಗಾಯರಾಣವೋ, ಅರಣ್ಯವೋ, ಖಾಸಗಿಯೋ ನೋಡಿ. ಅರಣ್ಯವಾದರೆ ಆ ಇಲಾಖೆಯ ಒಪ್ಪಿಗೆ ಬೇಕು. ಕೇಂದ್ರ ಸಂರಕ್ಷಿತ ಸ್ಮಾರಕ ಹತ್ತಿರವಿದ್ದರೆ ಅದರ ಗಡಿಯಿಂದ 100 ಮೀಟರ್ ಒಳಗೆ ಕಟ್ಟೆಯನ್ನೂ ಕಟ್ಟುವಂತಿಲ್ಲ, ಮುಂದಿನ 200 ಮೀಟರಿಗೆ ಅನುಮತಿ ಬೇಕು. ಗ್ರಾಮಸಭೆಯಲ್ಲಿ ಠರಾವು ಮಾಡಿಸಿ ಪ್ರತಿಯನ್ನು ತಹಸೀಲ್ದಾರರಿಗೂ ರಾಜ್ಯ ಪುರಾತತ್ವ ಇಲಾಖೆಗೂ ಗಣಿ ಮತ್ತು ಭೂವಿಜ್ಞಾನ ಇಲಾಖೆಗೂ ಕೊಡಿ. ಅರ್ಜಿಯ ಜೊತೆ ದಾಖಲೆ ಇದ್ದರೆ ಅಧಿಕಾರಿಗಳು ಬಂದು ನೋಡುವ ಸಾಧ್ಯತೆ ಹೆಚ್ಚು: ಪ್ರತಿ ಗುಂಡಿಗೆ ಒಂದು ಸಂಖ್ಯೆ, ಉದ್ದ, ಅಗಲ, ಹಗ್ಗದ ಆಳ, ಯಾವ ದಿಕ್ಕಿಗೆ ಹೋಗಿದೆ ಎಂಬುದು, ಅಳತೆಪಟ್ಟಿ ಇಟ್ಟು ತೆಗೆದ ಫೋಟೊ. ಕುಳಿಗಳಿಗೆ ಬಾಯಿಯ ಅಗಲ ಮತ್ತು ಆಳ ಸೆಂಟಿಮೀಟರಿನಲ್ಲಿ. ಮೊಬೈಲಿನ ಸ್ಥಳಾಂಕವನ್ನು ಅರ್ಜಿಯಲ್ಲಿ ಬರೆಯಿರಿ, ವಾಟ್ಸಾಪಿನಲ್ಲಿ ಹಂಚಬೇಡಿ. ಗುಂಡುಕಲ್ಲು, ಮಡಕೆ ಚೂರು ಯಾವುದನ್ನೂ ಮನೆಗೆ, ಶಾಲೆಗೆ ಒಯ್ಯಬೇಡಿ. ನೆಲದೊಳಗಿನಿಂದ ಬೆಲೆಬಾಳುವುದೇನಾದರೂ ಸಿಕ್ಕರೆ ನಿಧಿ ಕಾಯ್ದೆಯ ಪ್ರಕಾರ ಜಿಲ್ಲಾಡಳಿತಕ್ಕೆ ತಿಳಿಸಲೇಬೇಕು.

ಹುಣಸಗಿಯವರಿಗೆ ಮಾತ್ರ ಹೇಳಬೇಕಾದ ಎಚ್ಚರಿಕೆಯೊಂದಿದೆ. ನಿಮ್ಮ ಕಣಿವೆಯ ಇಸಾಂಪುರದಲ್ಲಿ ಪ್ರೊ. ಕೆ. ಪದ್ದಯ್ಯ ಅವರ ತಂಡ ಅಗೆದಾಗ ಸುಮಾರು 12 ಲಕ್ಷ ವರ್ಷದ ಹಿಂದೆ ಮನುಷ್ಯರು ಸುಣ್ಣಕಲ್ಲಿನ ಆಯುಧ ಮಾಡಿದ ಜಾಗ ಸಿಕ್ಕಿತು. ಅಂಥ ಕಲ್ಲುಗಳು ನಿಮ್ಮ ಹೊಲ, ಹಳ್ಳಗಳಲ್ಲೂ ಇರಬಹುದು. ಪಾಯ ತೋಡುವಾಗ ಅಂಚು ಚೂಪಾಗಿ ಒಡೆದ, ಅಂಗೈ ಗಾತ್ರದ ಕಲ್ಲುಗಳು ಒಟ್ಟಾಗಿ ಸಿಕ್ಕರೆ ಕೆಲಸ ನಿಲ್ಲಿಸಿ, ಇಲಾಖೆಗೆ ತಿಳಿಸಿ, ಬೇರೆ ಜಾಗ ನೋಡಿ.

ಕಲ್ಲಿನ ಆಯ್ಕೆ. ಶಹಾಬಾದ್ ಫರಸಿ ಕೈಗೆ ಸುಲಭ, ಅಗ್ಗ, ಆದರೆ ಈ ಕೆಲಸಕ್ಕೆ ಬೇಡ. ಅದು ಪದರುಗಲ್ಲು. ನೆಟ್ಟಗೆ ನಿಲ್ಲಿಸಿದರೆ ಮೇಲಿನ ಅಂಚಿನಿಂದ ಪದರಗಳ ನಡುವೆ ನೀರಿಳಿದು ಕೆಲವೇ ವರ್ಷದಲ್ಲಿ ಅಕ್ಷರ ಸಮೇತ ಹೊಪ್ಪಳಿಕೆ ಏಳುತ್ತದೆ. ಸುಣ್ಣಕಲ್ಲಾದ್ದರಿಂದ ಯಾರಾದರೂ ಆಸಿಡ್ ಹಾಕಿ ತೊಳೆದರೆ ಮುಖವೇ ಕರಗುತ್ತದೆ. ಬಿರುಕಿಲ್ಲದ ಗ್ರಾನೈಟ್ ಆರಿಸಿ. ಸುತ್ತಿಗೆಯಿಂದ ತಟ್ಟಿದರೆ ಗಂಟೆಯಂತೆ ಕೇಳಿಸಬೇಕು, ‘ಡಬ್’ ಎಂದರೆ ಒಳಗೆ ಬಿರುಕಿದೆ. 5 ಅಡಿ ಎತ್ತರ, ಎರಡೂವರೆ ಅಡಿ ಅಗಲ, 5 ಇಂಚು ದಪ್ಪದ ಚಪ್ಪಡಿ ಸಾಕು. ತೂಕ 400 ಕಿಲೋ ಹತ್ತಿರ ಬರುತ್ತದೆ, ಆದ್ದರಿಂದ ಮೂರುಕಾಲಿನ ಕಂಬ ಕಟ್ಟಿ ಚೈನ್ ಪುಲ್ಲಿಯಿಂದ ಎತ್ತಿ, ಕೈಯಿಂದ ಬೇಡ.

ಒಂದೂವರೆ ಅಡಿ ನೆಲದೊಳಗೆ ಹೋದರೆ ಮೂರೂವರೆ ಅಡಿ ಮೇಲುಳಿಯುತ್ತದೆ. ಕೆಳಗಿನ 10 ಇಂಚನ್ನು ಖಾಲಿ ಬಿಡಿ, ಮಳೆ ಹನಿ ಸಿಡಿದು ಮಣ್ಣು ಹತ್ತುವುದು ಅಲ್ಲಿಯೇ. ಒಂದು ಇಂಚಿನ ಅಕ್ಷರ, ಒತ್ತಕ್ಷರಕ್ಕೆ ಜಾಗ ಸಿಗುವಂತೆ ಸಾಲಿಂದ ಸಾಲಿಗೆ ಎರಡೂಕಾಲು ಇಂಚು ಇಟ್ಟರೆ 12 ಸಾಲು, ಒಟ್ಟು ಸುಮಾರು 50 ಪದ ಹಿಡಿಯುತ್ತದೆ. ಹೆಚ್ಚು ತುರುಕಿದರೆ ಒತ್ತಕ್ಷರಗಳು ಕೆಳಸಾಲಿಗೆ ತಾಗುತ್ತವೆ. ಕೆತ್ತನೆ 4 ಮಿಲಿಮೀಟರಿಗಿಂತ ಕಡಿಮೆ ಆಳ ಇರಬಾರದು. ಮರಳು ಊದಿ ಮಾಡುವ ಅಗ್ಗದ ಕೆತ್ತನೆ ಒಂದೆರಡು ಮಿಲಿಮೀಟರಿಗೇ ನಿಲ್ಲುತ್ತದೆ, ಅದರ ಬಣ್ಣ ಹೋದ ಮೇಲೆ ಓದಲಾಗುವುದಿಲ್ಲ. ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸುವಾಗ ಫಾಂಟ್ ಬದಲಾದರೆ ಅರ್ಕಾವೊತ್ತು ಹಾರಿಹೋಗುತ್ತದೆ, ದೀರ್ಘ ಬಿಟ್ಟುಹೋಗುತ್ತದೆ. ಕಲ್ಲಿನಷ್ಟೇ ದೊಡ್ಡ ಕಾಗದದ ಮೇಲೆ ಪ್ರಿಂಟ್ ತೆಗೆಸಿ, ಶಾಲೆಯ ಕನ್ನಡ ಮೇಷ್ಟ್ರಿಂದ ಓದಿಸಿ, ಸಹಿ ಹಾಕಿದ ಮೇಲೆಯೇ ಕೆತ್ತಲು ಬಿಡಿ.

ಒಕ್ಕಣೆ ಇಷ್ಟಿರಲಿ, ಇಲಾಖೆಯವರು ನೋಡಿ ಒಪ್ಪಿದ ನಂತರ: ‘ಈ ಹಳ್ಳದ ದಂಡೆಯ ಬಂಡೆಯ ಮೇಲೆ ಹಿಂದಿನವರು ಬೆಣಚುಕಲ್ಲನ್ನು ಕುಟ್ಟಿ, ಅರೆದು, ನೀರಿನಲ್ಲಿ ತೊಳೆದು ಚಿನ್ನದ ಹುಡಿ ತೆಗೆಯುತ್ತಿದ್ದರು. ಬಂಡೆಯ ಕುಳಿಗಳು ಆ ಕೆಲಸದ ಗುರುತು. ಚಿನ್ನ ಕಲ್ಲಿನೊಳಗೆ ಹುಡಿಯಾಗಿತ್ತು. ಇಲ್ಲಿ ಹೂತಿಟ್ಟ ನಿಧಿ ಇಲ್ಲ. ಅಗೆಯುವುದು ಅಪರಾಧ. ಕುಳಿಗಳನ್ನು ಕೆಡಿಸಬೇಡಿ.’ ಕೆಳಗೆ ಗ್ರಾಮ ಪಂಚಾಯಿತಿಯ ಹೆಸರು, ವರ್ಷ. ದಾನಿಗಳ ಪಟ್ಟಿ ಬೇಕೆಂದರೆ ಪಂಚಾಯಿತಿ ಕಚೇರಿಯಲ್ಲಿ ಹಾಕಿ. ಅದು ಕಲ್ಲಿಗೆ ಬಂದರೆ ಕುಳಿಬಂಡೆಯ ವಿಷಯಕ್ಕೆ ಎರಡೇ ಸಾಲು ಉಳಿಯುತ್ತದೆ.

ನಿಲ್ಲಿಸುವಾಗ ಎರೆಭೂಮಿಯ ಬಗ್ಗೆ ಎಚ್ಚರ. ಮಳೆಗೆ ಉಬ್ಬಿ, ಬೇಸಿಗೆಗೆ ಬಿರುಕು ಬಿಡುವ ಆ ಮಣ್ಣು ಎರಡೇ ವರ್ಷದಲ್ಲಿ ಕಲ್ಲನ್ನು ವಾಲಿಸುತ್ತದೆ. ಸಾಧ್ಯವಾದರೆ ಗರಸಿನ ಮರಡಿ ನೆಲ ಆರಿಸಿ. ಅಲ್ಲಿ ಎರಡೂವರೆ ಅಡಿ ಆಳ, 4 ಅಡಿ ಉದ್ದ, 3 ಅಡಿ ಅಗಲದ ಪಾಯ ಸಾಕು. ಎರೆಭೂಮಿಯೇ ಗತಿಯಾದರೆ ಇನ್ನೂ ಎರಡು ಅಡಿ ಆಳಕ್ಕೆ ಹೋಗಿ, ಆ ಎರಡು ಅಡಿಗೆ ಗರಸು ತುಂಬಿ. ಒಮ್ಮೆಗೆ 6 ಇಂಚು ಹಾಕಿ, ನೀರು ಚಿಮುಕಿಸಿ, ದಿಮ್ಮಸು ಹೊಡೆದು, ಮುಂದಿನ ಪದರ. ಮೇಲೆ 12 ಇಂಚು 1:2:4 (ಸಿಮೆಂಟ್, ಮರಳು, ಜಲ್ಲಿ) ಕಾಂಕ್ರೀಟ್. ಅದರ ಮೇಲೆ ಚಪ್ಪಡಿ ನಿಲ್ಲಿಸಿ, ಎರಡೂ ಕಡೆ ಆನಿಕೆ ಕೊಟ್ಟು, ಸುತ್ತ ಕಾಂಕ್ರೀಟ್ ತುಂಬಿ ಏಳು ದಿನ ನೀರುಣಿಸಿ. ಆನಿಕೆ ಅಲ್ಲಿಯವರೆಗೆ ತೆಗೆಯಬೇಡಿ. ಕಾಂಕ್ರೀಟಿನ ಮೇಲ್ಮೈ ಕಲ್ಲಿನಿಂದ ಹೊರಕ್ಕೆ ಇಳಿಜಾರಾಗಿರಲಿ.

ಉದ್ಘಾಟನೆಗೆಂದು ಕುಳಿಬಂಡೆಗೆ ಬಣ್ಣ ಬಳಿಯುವುದು, ಕುಳಿಗಳ ಸುತ್ತ ಸಿಮೆಂಟ್ ಕಟ್ಟೆ ಕಟ್ಟುವುದು, ಟೈಲ್ಸ್ ಹಾಕುವುದು ಬೇಡ. ಜನ ನಿಲ್ಲಿಸಿದ ಕಲ್ಲಿಗೆ ಎಣ್ಣೆ, ಅರಿಷಿಣ ಹಚ್ಚಲು ತೊಡಗಿದರೆ ಅಕ್ಷರಗಳ ಒಳಗೆ ಧೂಳು ಅಂಟುತ್ತದೆ. ಮುಂದೆ ಒಂದು ಚಿಕ್ಕ ಬೇರೆ ಕಲ್ಲು ಇಟ್ಟು ಪೂಜೆ ಅಲ್ಲಿ ಮಾಡಿ ಎಂದರೆ ಯಾರಿಗೂ ನೋವಾಗುವುದಿಲ್ಲ. ತೊಳೆಯಲು ಬರಿ ನೀರು ಮತ್ತು ತೆಂಗಿನ ನಾರಿನ ಬ್ರಷ್ ಸಾಕು. ಮೊದಲ ಮಳೆಗಾಲ ಮುಗಿದ ಮೇಲೆ ತೂಗುಗುಂಡು ಹಿಡಿದು ನೋಡಿ. ಅರ್ಧ ಇಂಚಿಗಿಂತ ಹೆಚ್ಚು ವಾಲಿದ್ದರೆ ಪಾಯದ ಯಾವ ಬದಿಗೆ ನೀರು ನಿಲ್ಲುತ್ತಿದೆ ಎಂದು ಹುಡುಕಿ, ಮೊದಲು ಆ ನೀರಿಗೆ ದಾರಿ ಮಾಡಿ, ಆಮೇಲೆ ಕಲ್ಲನ್ನು ನೆಟ್ಟಗೆ ಮಾಡಿ.